ಒಳಗಿನಕ್ಕನ ಹೊಸ ಹಲ್ಲು

ನನಗೆ ಕೆಲಸ ಸಿಕ್ಕಿದ್ದು ಮುಖ ನೋಡಿ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ಮುಂದೆ ನಾನು ಬೇರೆಯವರ ಮೇಲೆ ರೇಗುವುದಿದೆ. ಹಲ್ಲಿನ ಡಾಕ್ಟರು ನನ್ನ ಅಂಕಪಟ್ಟಿಯ ಮಡಿಕೆಯನ್ನೂ ಬಿಚ್ಚಲಿಲ್ಲ. “ಎಲ್ಲಿ, ಸ್ವಲ್ಪ ನಗಮ್ಮ” ಅಂದರು. ನಕ್ಕೆ. “ನಾಳೆಯಿಂದ ಬಾ” ಅಂದರು. ನನಗಿಂತ ಮೊದಲು ಬಂದು ಬೆಂಚಿನ ಮೇಲೆ ಕೂತಿದ್ದ ಹುಡುಗಿಗೆ ಟೈಪಿಂಗೂ ಬರುತ್ತಿತ್ತು, ಎರಡು ವರ್ಷದ ಅನುಭವವೂ ಇತ್ತು. ಮುಖದ ತುಂಬ ಮೊಡವೆ ಬೇರೆ ಇತ್ತು. ನಾನು ಕುಣಿಯುತ್ತ ಮನೆಗೆ ಹೋದೆ. ಅವಳು ಹೇಗೆ ಹೋದಳೋ, ನಾನು ತಿರುಗಿ ಕೂಡ ನೋಡಲಿಲ್ಲ.

ನನ್ನ ಮೇಜು ಮುಂದಿನ ಕೋಣೆಯಲ್ಲಿ. ಅದರಾಚೆ ಡಾಕ್ಟರ ಕುರ್ಚಿ ಇರುವ ಕೋಣೆ. ಅದರ ಹಿಂದೆ ಇನ್ನೊಂದು ಬಾಗಿಲು, ಆ ಬಾಗಿಲ ಹಿಂದೆ ಒಳಗಿನಕ್ಕ. ಹಲ್ಲೆಲ್ಲ ಉದುರಿದವರಿಗೆ ಹಲ್ಲಿನ ಸೆಟ್ ಮಾಡಿಕೊಡುವುದು ಅವಳ ಕೆಲಸ. ಯಾವಾಗಲೂ ಒಳಗೇ ಇರುತ್ತಿದ್ದಳಾದ್ದರಿಂದ ಒಳಗಿನಕ್ಕ. ಅವಳ ಬೆನ್ನ ಹಿಂದೆ ಇನ್ನೊಂದು ಹೆಸರಿತ್ತು: ತುರಿಮಣೆ. ಮೇಲಿನ ಮುಂದಿನ ನಾಲ್ಕು ಹಲ್ಲು ತುಟಿಯನ್ನು ತಳ್ಳಿಕೊಂಡು ಆಚೆ ಬಂದಿದ್ದವು, ಬಾಯಿ ಮುಚ್ಚಿದರೂ ಪೂರ್ತಿ ಮುಚ್ಚುತ್ತಿರಲಿಲ್ಲ. ಆ ಹೆಸರಿಟ್ಟ ಮಹಾತಾಯಿ ನಾನೇ. ಕೆಲಸಕ್ಕೆ ಸೇರಿದ ಮೂರನೇ ವಾರ ನರ್ಸನ್ನು ನಗಿಸುವುದಕ್ಕೆ ಅಂದ ಮಾತು ಅದು. ಆಮೇಲೆ ಇಪ್ಪತ್ತೆರಡು ವರ್ಷ ಓಡಾಡಿತು.

ಅವಳ ಕೋಣೆ ಆರು ಹೆಜ್ಜೆ ಉದ್ದ, ನಾಲ್ಕು ಹೆಜ್ಜೆ ಅಗಲ. ಕಿಟಕಿ ತೆರೆದರೆ ಪಕ್ಕದ ಕಟ್ಟಡದ ಗೋಡೆ. ಮೇಜಿನ ಮೇಲೆ ಮೇಣ ಕರಗಿಸುವ ಸಣ್ಣ ಬೆಂಕಿ, ಉಜ್ಜುವ ಮೋಟಾರು, ಎಲ್ಲದರ ಮೇಲೂ ಪ್ಲಾಸ್ಟರಿನ ಬಿಳಿ ಪುಡಿ. ವಸಡಿಗೆಂದು ಕಲಸುವ ಗುಲಾಬಿ ಪುಡಿಗೆ ಒಂದು ಘಾಟು ವಾಸನೆ ಇರುತ್ತದೆ, ಅದು ಅವಳ ಬಟ್ಟೆಗೂ ಹಿಡಿದಿತ್ತು. ಗೋಡೆಯ ಹಲಗೆಗಳ ಮೇಲೆ ಸಾಲಾಗಿ ಪ್ಲಾಸ್ಟರಿನ ದವಡೆಗಳು. ನಾನು ಮೊದಲ ದಿನ ನೋಡಿ ಕಿರುಚಿಕೊಂಡಿದ್ದೆ. “ಹೆದರಬೇಡ, ಇವು ಯಾವುವೂ ಮಾತಾಡಲ್ಲ” ಅಂದಿದ್ದಳು.

ಕೆಲಸದಲ್ಲಿ ಅವಳ ಸಮ ಇನ್ನೊಬ್ಬರಿಲ್ಲ. ಮೇಣದಲ್ಲಿ ಹಲ್ಲು ಜೋಡಿಸಿದ ಮೇಲೆ ಅದನ್ನು ಬಂದವರ ಬಾಯಲ್ಲಿಟ್ಟು ನೋಡುವುದಿದೆ. ಡಾಕ್ಟರು “ಸಾವಿರ ಅನ್ನಿ, ಸಾವಿರದ ಐವತ್ತು ಅನ್ನಿ” ಅನ್ನುತ್ತಿದ್ದರು. ಬಾಗಿಲ ಹಿಂದೆ ಅಕ್ಕ ಕಿವಿಗೊಟ್ಟು ನಿಂತಿರುತ್ತಿದ್ದಳು. ‘ಸಾ’ ಅನ್ನುವಾಗ ಸೀಟಿ ಹೊಡೆದರೆ ಒಂದು ತಪ್ಪು, ‘ವಿ’ ಅನ್ನುವಾಗ ಕೆಳದುಟಿ ಹಲ್ಲಿಗೆ ಸರಿಯಾಗಿ ತಾಗದಿದ್ದರೆ ಇನ್ನೊಂದು. ಮುಖವನ್ನೇ ನೋಡದೆ, ಬರೀ ಕೇಳಿಸಿಕೊಂಡು, ಎಡಗಡೆಯ ಎರಡನೇ ಹಲ್ಲು ಕೂದಲೆಳೆಯಷ್ಟು ಮುಂದಿದೆ ಅಂತ ಚೀಟಿ ಬರೆದು ಕಳಿಸುತ್ತಿದ್ದಳು. ಅದು ಸರಿಯೇ ಆಗಿರುತ್ತಿತ್ತು. ಹಳೇ ಫೋಟೋ ಇದ್ದರೆ ತರಿಸಿಕೊಂಡು, ಯಾವ ಹಲ್ಲು ಎಷ್ಟು ಸೊಟ್ಟಗಿತ್ತೋ ಅಷ್ಟೇ ಸೊಟ್ಟಗೆ ಕೂರಿಸುತ್ತಿದ್ದಳು. “ಇಟ್ಟಿಗೆ ಗೋಡೆ ಕಟ್ತಾ ಇದೀವಾ ಸಾಲಾಗಿಡೋಕೆ? ಮನೆಯವರಿಗೆ ಗುರುತು ಸಿಗಬೇಕು” ಅನ್ನುತ್ತಿದ್ದಳು. ಹೊಸ ಹಲ್ಲು ಹಾಕಿಕೊಂಡವರು ಕನ್ನಡಿ ನೋಡಿ, ಡಾಕ್ಟರ ಎರಡೂ ಕೈ ಹಿಡಿದು, ಹೋಗುವಾಗ ನನಗೂ ಒಂದು ನಗು ಕೊಟ್ಟು ಹೋಗುತ್ತಿದ್ದರು. ಮಾಡಿದವಳು ಇನ್ನೊಬ್ಬಳಿದ್ದಾಳೆ ಅಂತ ನಾವು ಯಾರೂ ಹೇಳುತ್ತಿರಲಿಲ್ಲ.

ಒಂದು ಸಲ ಗೊತ್ತಾಗಿಬಿಟ್ಟಿತ್ತು. ನಾನು ಸೇರಿದ ಹೊಸದರಲ್ಲಿ, ನಿವೃತ್ತ ಮೇಷ್ಟರೊಬ್ಬರ ಸೆಟ್ ಸ್ವಲ್ಪ ಒತ್ತುತ್ತಿತ್ತು. ಅಕ್ಕ ತಾನೇ ಹೊರಗೆ ಬಂದು “ಎಲ್ಲಿ ಒತ್ತುತ್ತೆ ಸಾರ್?” ಅಂದಳು. ಅವರು ಅವಳ ಬಾಯನ್ನೇ ನೋಡಿದರು. “ಇವರು ಮಾಡಿದ್ದಾ ಇದು? ಮೊದಲು ತಮ್ಮದು ಸರಿ ಮಾಡ್ಕೊಳ್ಳಲಿ” ಅಂದರು. ಬೆಂಚಿನ ಮೇಲಿದ್ದ ನಾಲ್ಕು ಜನ ಕಿಸಕ್ಕನೆ ನಕ್ಕರು. ನಾನೂ ನಕ್ಕೆನೋ ಏನೋ, ನೆನಪಿಲ್ಲ ಅಂತ ಹೇಳಿ ತಪ್ಪಿಸಿಕೊಳ್ಳಬಹುದು. ನಕ್ಕೆ. ಸಾಯಂಕಾಲ ಡಾಕ್ಟರು ಅವಳನ್ನು ಕರೆದು, “ತಪ್ಪು ತಿಳ್ಕೋಬೇಡಮ್ಮ, ಜನ ಹೊರಗಿರುವಾಗ ನೀನು ಒಳಗೇ ಇರು” ಅಂದರು. ಅಂದಿನಿಂದ ನಾವೆಲ್ಲ ಬರುವ ಮೊದಲೇ ಬರುತ್ತಿದ್ದಳು, ಕೊನೆಯ ಪೇಷಂಟ್ ಮೆಟ್ಟಿಲಿಳಿದ ಮೇಲೆ ಹೋಗುತ್ತಿದ್ದಳು. ಊಟದ ಡಬ್ಬಿಯನ್ನೂ ದವಡೆಗಳ ನಡುವೆಯೇ ತೆರೆಯುತ್ತಿದ್ದಳು.

ಮನೆಯೆಂದರೆ ಮೂರನೇ ಮಹಡಿಯ ಒಂದು ಕೋಣೆ. ಮದುವೆಯ ಮಾತು ಎರಡು ಸಲ ಬಂದು, ಎರಡು ಸಲವೂ ಫೋಟೋದಲ್ಲೇ ನಿಂತಿತ್ತು. ಅಪ್ಪ ಹೋಗಿ ಬಹಳ ವರ್ಷವಾಗಿತ್ತು, ಒಡಹುಟ್ಟಿದವರಿಲ್ಲ. ಅಮ್ಮ ಇದ್ದಳು. ಎಂಬತ್ತು ದಾಟಿದ ಮೇಲೆ ಮರೆವು ಹೆಚ್ಚಾಗಿ, ಒಲೆ ಹಚ್ಚಿಟ್ಟು ಬೀದಿಗೆ ಹೋಗುವುದು ಶುರುವಾದಾಗ ವೃದ್ಧರನ್ನು ನೋಡಿಕೊಳ್ಳುವ ಮನೆಯೊಂದಕ್ಕೆ ಸೇರಿಸಿದ್ದಳು. ಪ್ರತಿ ಭಾನುವಾರ ಎರಡು ಬಸ್ಸು ಬದಲಿಸಿ ಹೋಗುತ್ತಿದ್ದಳು. ಅಮ್ಮ ಒಬ್ಬೊಬ್ಬರನ್ನೇ ಮರೆಯುತ್ತ ಬಂದಿದ್ದಳು. ಸ್ವಂತ ತಂಗಿಯನ್ನು ಮರೆತಳು, ಗಂಡ ಸತ್ತದ್ದನ್ನು ಮರೆತಳು, ದಿನಾ ಸ್ನಾನ ಮಾಡಿಸುವ ಆಯಾಳನ್ನೂ ದಿನಾ ಹೊಸದಾಗಿ ನೋಡುತ್ತಿದ್ದಳು. ಬಾಗಿಲಲ್ಲಿ ಅಕ್ಕ ಕಾಣಿಸಿದರೆ ಮಾತ್ರ “ಬಂದ್ಯಾ?” ಅನ್ನುತ್ತಿದ್ದಳು. ಅಕ್ಕನಿಗೆ ಪ್ರಪಂಚದಲ್ಲಿ ಇದ್ದದ್ದು ಆ ಒಂದು ಮಾತು. ಅದೂ ಯಾವಾಗ ಹೋಗುತ್ತದೋ ಅನ್ನುವ ಭಯ ಅವಳಿಗೆ ಶನಿವಾರದಿಂದಲೇ ಹತ್ತುತ್ತಿತ್ತು. ಇದೆಲ್ಲ ನನಗೆ ಗೊತ್ತಾದದ್ದು ತೀರಾ ಈಚೆಗೆ. ಮೊದಲು ಕೇಳಿದವರಾದರೂ ಯಾರು?

ಐವತ್ತನಾಲ್ಕನೇ ವಯಸ್ಸಿಗೆ ಅಕ್ಕನ ವಸಡು ಕೆಟ್ಟಿತು. ಮೇಲಿನ ಸಾಲು ಪೂರ್ತಿ ಅಲುಗಾಡತೊಡಗಿತು. ಡಾಕ್ಟರು ಒಂದೊಂದಾಗಿ ಎಲ್ಲವನ್ನೂ ಕಿತ್ತರು. ವಸಡು ಮಾಯುವವರೆಗೆ ಎರಡು ತಿಂಗಳು ಬಾಯಿಗೆ ಮಾಸ್ಕ್ ಕಟ್ಟಿಕೊಂಡು ಓಡಾಡಿದಳು. ಬೊಚ್ಚುಬಾಯಲ್ಲಿ ಅಮ್ಮನ ಎದುರು ಹೋಗುವುದಕ್ಕೆ ಮನಸ್ಸಾಗದೆ, ಆ ಎರಡು ತಿಂಗಳು ಆ ಕಡೆ ಹೋಗಲೇ ಇಲ್ಲ. ಫೋನ್ ಮಾಡಿ ಆಯಾಳ ಹತ್ತಿರ ವಿಚಾರಿಸುತ್ತಿದ್ದಳು ಅಷ್ಟೆ.

ತನ್ನ ಸೆಟ್ ತಾನೇ ಮಾಡಿಕೊಂಡಳು. ಕೆಲಸ ಕಲಿಯುವ ಕಾಲದಲ್ಲಿ ಎಲ್ಲರೂ ಮೊದಲು ತಮ್ಮ ಬಾಯಿಯದೇ ಅಚ್ಚು ತೆಗೆಯಬೇಕಂತೆ. ಆ ಹಳೇ ಪ್ಲಾಸ್ಟರ್ ದವಡೆಯನ್ನು ಎದುರಿಗಿಟ್ಟುಕೊಂಡು, ಮೇಣದಲ್ಲಿ ಹಲ್ಲುಗಳನ್ನು ಹಾಗೆಯೇ, ಮುಂದಕ್ಕೆ ಚಾಚಿದಂತೆಯೇ ಜೋಡಿಸಿದ್ದಳು. ಡಾಕ್ಟರು ನೋಡಿ ತಲೆ ಚಚ್ಚಿಕೊಂಡರು. “ನಿನಗೇನು ಹುಚ್ಚಾ? ತಾನಾಗೇ ಬಂದ ಅವಕಾಶ. ಒಳಕ್ಕೆ ತಳ್ಳು.”

“ಅಮ್ಮನಿಗೆ ಗುರುತು ಸಿಗಬೇಕಲ್ಲ ಸಾರ್” ಅಂದಳು.

“ಹೆತ್ತವಳಿಗೆ ಗುರುತು ಸಿಗಲ್ವಾ?” ಅಂತ ನಡುವೆ ಬಾಯಿ ಹಾಕಿದ್ದು ನಾನು. “ಒಂದು ಸಲನಾದ್ರೂ ಚೆನ್ನಾಗಿ ಕಾಣಿಸ್ಕೊಳ್ಳಿ ಅಕ್ಕ. ನಮಗೂ ನೋಡೋಕೆ ಖುಷಿ.” ಆ ‘ನಮಗೂ’ ಎಷ್ಟು ಕೊಬ್ಬಿನ ಮಾತು ಅಂತ ಆಗ ಹೊಳೆಯಲಿಲ್ಲ. ಅಕ್ಕ ಮೇಣವನ್ನು ಬಿಸಿ ಮಾಡಿ ನಾಲ್ಕೂ ಹಲ್ಲನ್ನು ಹೆಬ್ಬೆರಳಿನಿಂದ ಒಳಕ್ಕೆ ಒತ್ತಿದಳು.

ಸೆಟ್ ಹಾಕಿಕೊಂಡು ಬಂದ ದಿನ ನಾನು ಅವಳನ್ನು ಹೊಸ ಪೇಷಂಟ್ ಅಂದುಕೊಂಡು “ಕೂತ್ಕೊಳ್ಳಿ ಮೇಡಂ, ಹೆಸರು ಹೇಳಿ” ಅಂದೆ. ಉತ್ಪ್ರೇಕ್ಷೆ ಅಲ್ಲ. ತುಟಿ ಎರಡೂ ಕೂಡಿದ್ದೇ ತಡ, ಮೂಗು ಬೇರೆ, ಗಲ್ಲ ಬೇರೆ, ಕಣ್ಣು ಕೂಡ ಬೇರೆಯೇ ಆಗಿ ಕಂಡವು. ಇಷ್ಟು ಚೆಂದದ ಕಣ್ಣು ಇಷ್ಟು ವರ್ಷ ಎಲ್ಲಿದ್ದವು? ಅಲ್ಲೇ ಇದ್ದವು. ನಾವು ಬಾಯಿ ದಾಟಿ ಮೇಲೆ ಹೋಗಿರಲಿಲ್ಲ. ಹೊಸ ಸೆಟ್ಟಿನಿಂದ ಮಾತೂ ಬದಲಾಗಿತ್ತು, ಮೆಲ್ಲಗೆ, ಅಳೆದು ತೂಗಿ ಮಾತಾಡುವವರ ಹಾಗೆ ಕೇಳುತ್ತಿತ್ತು.

ಆಮೇಲೆ ನಡೆದದ್ದನ್ನು ಬರೆಯುವುದಕ್ಕೆ ನಾಚಿಕೆ. ಮಹಡಿಯ ಮೇಲಿನ ಆಫೀಸಿನ ಗುಮಾಸ್ತರು, ಮೆಟ್ಟಿಲ ಮೇಲೆ ಹದಿನೈದು ವರ್ಷ ಅವಳನ್ನು ಕಂಬ ಕಂಡಂತೆ ಪಕ್ಕಕ್ಕೆ ಸರಿದು ಹೋದವರು, ನಿಂತು ನಮಸ್ಕಾರ ಹೇಳಿದರು. ಕಂಡಕ್ಟರು “ಮೇಡಂ, ಇಲ್ಲಿ ಸೀಟಿದೆ” ಅಂದನಂತೆ. ತರಕಾರಿಯವಳು ಕೊಳೆತದ್ದನ್ನು ತಾನೇ ಆರಿಸಿ ಆಚೆಗೆಸೆದಳಂತೆ. ಡಾಕ್ಟರಂತೂ ಅವಳ ಕೋಣೆಯ ಬಾಗಿಲನ್ನು ಪೂರ್ತಿ ತೆಗೆಸಿ, ಬಂದವರಿಗೆಲ್ಲ “ಇವರೇ ನಮ್ಮ ಟೆಕ್ನೀಷಿಯನ್, ಚಿನ್ನದಂಥ ಕೈ” ಅಂತ ಪರಿಚಯ ಮಾಡಿಸತೊಡಗಿದರು. ಜನ ಅವಳ ಮಾತಿಗೆ ಗೋಣಾಡಿಸಿದರು. ಕೈ ಅದೇ, ಮೇಣ ಅದೇ, ‘ಸಾವಿರ’ ಕೇಳುವ ಕಿವಿಯೂ ಅದೇ. ಆದರೂ ಈಗ ಅವಳಿಗೆ ಬುದ್ಧಿಯೂ ಇದೆ, ಒಳ್ಳೆಯ ಮನಸ್ಸೂ ಇದೆ ಅಂತ ಎಲ್ಲರಿಗೂ ಒಮ್ಮೆಲೇ ಗೊತ್ತಾಗಿಬಿಟ್ಟಿತು.

ನಾನು ಏನು ಕಡಿಮೆ? ನಾಲ್ಕನೇ ದಿನ ನನ್ನ ಡಬ್ಬಿ ಹಿಡಿದು ಅವಳ ಕೋಣೆಗೆ ಹೋದೆ. “ಒಟ್ಟಿಗೆ ಊಟ ಮಾಡೋಣ ಅಕ್ಕ” ಅಂದೆ. ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ. ಅವಳು ಸ್ಟೂಲಿನ ಮೇಲಿನ ಪ್ಲಾಸ್ಟರ್ ಪುಡಿ ಒರೆಸಿ ಕೊಟ್ಟಳು. ಎರಡು ತುತ್ತು ತಿಂದ ಮೇಲೆ ಕೇಳಿದಳು.

“ಇದೆಲ್ಲ ನಿಮ್ಮ ಹತ್ರ ಮೊದಲೇ ಇತ್ತಾ?”

“ಯಾವುದಕ್ಕ?”

“ಇದೇ. ಕೂತ್ಕೊಳ್ಳಿ, ಬನ್ನಿ, ಊಟ ಆಯ್ತಾ... ಇದೆಲ್ಲ. ನಾನು ಜನರ ಹತ್ರ ಇಲ್ವೇನೋ ಅಂದ್ಕೊಂಡಿದ್ದೆ. ಎಲ್ಲರೂ ಹೀಗೇ, ಪ್ರಪಂಚಾನೇ ಹೀಗೆ ಒರಟು ಅಂತ ಸಮಾಧಾನ ಮಾಡ್ಕೊಂಡಿದ್ದೆ. ಇತ್ತು ಅಂತಾಯ್ತಲ್ಲ. ನನಗೆ ಕೊಡಲಿಲ್ಲ ಅಷ್ಟೆ.”

ಸಿಟ್ಟಿನಿಂದ ಅಂದಿದ್ದರೆ ನಾನೂ ಏನೋ ಒಂದು ತಿರುಗಿಸಿ ಅಂದು ಹಗುರಾಗುತ್ತಿದ್ದೆ. ಅವಳಿಗೆ ಸಿಟ್ಟಿರಲಿಲ್ಲ. ಡಬ್ಬಿ ಮುಚ್ಚಿಕೊಂಡು, ಫೋನ್ ಬಂತೇನೋ ಅಂತ ಸುಳ್ಳು ಹೇಳಿ ಎದ್ದು ಬಂದೆ.

ಆ ಭಾನುವಾರ ಅವಳು ಅಮ್ಮನ ಹತ್ತಿರ ಹೋದಳು. ಸೋಮವಾರ ಕೆಲಸಕ್ಕೆ ಬಂದಾಗ ಕಣ್ಣು ಊದಿದ್ದವು. ನಾನು ಬಿಡಲಿಲ್ಲ, ಹಿಂದೆ ಬಿದ್ದು ಕೇಳಿದೆ. ಅಮ್ಮ “ಬಂದ್ಯಾ?” ಅನ್ನಲಿಲ್ಲವಂತೆ. ಕುರ್ಚಿಯಿಂದ ಅರ್ಧ ಎದ್ದು, “ಬನ್ನಿ ಬನ್ನಿ, ಯಾರು ಬೇಕಿತ್ತು?” ಅಂದಳಂತೆ.

“‘ಅಮ್ಮ, ನಾನು’ ಅಂದೆ. ‘ನಿಮಗೂ ತಾಯಿ ಇದಾರಾ?’ ಅಂದಳು. ಸೆರಗಿಂದ ಕುರ್ಚಿ ಒರೆಸಿ ಕೂರಿಸಿದಳು ಕಣೇ. ನನ್ನ ಕೈ ತನ್ನ ಕೈಯಲ್ಲಿ ಇಟ್ಕೊಂಡು ಎಷ್ಟು ಮಾತಾಡಿದಳು! ಚಿಕ್ಕವಳಿದ್ದಾಗ ಈಜು ಕಲಿತದ್ದು, ಅಪ್ಪನ ಜೊತೆ ಜಗಳ ಆಡಿದ್ದು... ಒಂದೂ ನನಗೆ ಹೇಳಿರಲಿಲ್ಲ. ನನಗೆ ಯಾವಾಗಲೂ ಬಾಯಿ ಮುಚ್ಚು, ನೆಟ್ಟಗೆ ಕೂರು, ಇಷ್ಟೇ. ಹೊರಡುವಾಗ ಬುಧವಾರ ಬರ್ತೀರಾ ಅಂತ ಕೇಳಿದಳು. ಬರ್ತೀನಿ ಅಂದೆ.”

“ಒಳ್ಳೇದಾಯ್ತಲ್ಲ” ಅಂದೆ ನಾನು, ದಡ್ಡಿ.

“ಏನು ಒಳ್ಳೇದು? ನಾನು ಅವಳಿಗೆ ಇಲ್ಲವಾದೆನಲ್ಲ” ಅಂದಳು.

ಬುಧವಾರ ಹೋದಳು. ಮುಂದಿನ ಬುಧವಾರವೂ ಹೋದಳು, ಅಮ್ಮನ ಕಣ್ಣಿಗೆ ಆ ಒಳ್ಳೆಯ ಹೆಂಗಸಾಗಿ. ಈ ನಡುವೆ ಕೆಲಸ ಮುಗಿದ ಮೇಲೆ ಒಂದು ಗಂಟೆ ಹೆಚ್ಚು ಕೂರತೊಡಗಿದಳು. ಏನು ಮಾಡುತ್ತಿದ್ದಾಳೆಂದು ಹತ್ತು ದಿನ ಕಳೆದ ಮೇಲೆ ಗೊತ್ತಾಯಿತು. ಎರಡನೇ ಸೆಟ್. ಹಳೇ ಅಚ್ಚು ನೋಡಿಕೊಂಡು, ನಾಲ್ಕು ಹಲ್ಲನ್ನೂ ಮೊದಲಿನಂತೆ ಆಚೆ ಚಾಚಿಸಿ, ಒಂದರ ಅಂಚಿನಲ್ಲಿದ್ದ ಹಳದಿ ಕಲೆಯನ್ನೂ ಬಿಡದೆ ಮಾಡಿದ್ದಳು. ಇಂಥ ಹಲ್ಲನ್ನು ಯಾರಾದರೂ ಬೇಕೆಂದು ಮಾಡುತ್ತಾರೆಯೇ? ಅವಳ ಕೈಯಿಂದ ಬಂದ ಅತ್ಯಂತ ನಾಜೂಕಾದ ಕೆಲಸ ಅದು.

“ಭಾನುವಾರ ಇದನ್ನ ಹಾಕ್ಕೊಂಡು ಹೋಗ್ತೀನಿ” ಅಂದಳು. “ಒಬ್ಬಳೇ ಹೋಗೋಕೆ ಧೈರ್ಯ ಸಾಲದು. ಗುರುತು ಹಿಡೀದೇ ಹೋದ್ರೆ ಅನ್ನೋದೇ ಹೆದರಿಕೆ. ಬರ್ತೀಯಾ?”

ಹೋದೆ. ಬಸ್ಸಿನಲ್ಲಿ ಅದೇ ಕಂಡಕ್ಟರು ನನಗೆ ಸೀಟು ತೋರಿಸಿ, ಅವಳಿಗೆ “ಬಾಗಿಲಲ್ಲಿ ನಿಲ್ಲಬೇಡ, ಒಳಗೆ ನಡಿ” ಅಂದ. ಎರಡು ವಾರದ ಹಿಂದೆ ಮೇಡಂ ಅಂದ ಬಾಯಿ. ನನಗೆ ಮೈಯೆಲ್ಲ ಉರಿಯಿತು, ಜಗಳ ಕಾಯಲು ಎದ್ದೆ. ಅಕ್ಕ ನನ್ನ ತೋಳು ಹಿಡಿದು ಕೂರಿಸಿದಳು. “ಬಿಡು, ಅವನಿಗೇನು ಗೊತ್ತು” ಅಂದಳು. ಅವಳ ಗಮನವೆಲ್ಲ ಮುಂದಿತ್ತು.

ಉದ್ದನೆಯ ಹಜಾರ, ಎರಡೂ ಕಡೆ ಬಾಗಿಲುಗಳು, ಫಿನಾಯಿಲಿನ ವಾಸನೆ. ಅಮ್ಮ ಕಿಟಕಿಯ ಹತ್ತಿರ ಕೂತು ಒಂದು ಟವೆಲನ್ನು ಮಡಿಸುತ್ತಿದ್ದಳು, ಬಿಚ್ಚುತ್ತಿದ್ದಳು, ಮತ್ತೆ ಮಡಿಸುತ್ತಿದ್ದಳು. ಅಕ್ಕ ಬಾಗಿಲಲ್ಲಿ ನಿಂತಳು. ಅವಳ ಕೈ ನನ್ನ ಮೊಣಕೈಯನ್ನು ಎಷ್ಟು ಬಿಗಿಯಾಗಿ ಹಿಡಿದಿತ್ತೆಂದರೆ ನೋವಾಗುತ್ತಿತ್ತು.

ಅಮ್ಮ ತಲೆ ಎತ್ತಿದಳು. ನೋಡಿದಳು.

“ಈಗ ಬಂದ್ಯಾ? ಇಷ್ಟು ದಿನ ಎಲ್ಲಿ ಸತ್ತಿದ್ದೆ?”

ಅಕ್ಕ ಅತ್ತುಬಿಟ್ಟಳು. ಓಡಿ ಹೋಗಿ ಅಮ್ಮನ ಕಾಲ ಬಳಿ ನೆಲದ ಮೇಲೆ ಕೂತು, “ಇಲ್ಲೇ ಇದ್ದೆ ಅಮ್ಮ, ಇಲ್ಲೇ ಇದ್ದೆ” ಅಂದಳು. ನನಗೂ ಕಣ್ಣು ತುಂಬಿತು. ಗೆದ್ದೆವು ಅಂದುಕೊಂಡೆ. ಬೈಗುಳ ಕೇಳಿ ಅಷ್ಟು ಸಂತೋಷಪಟ್ಟ ಮುಖವನ್ನು ನಾನು ಮತ್ತೆಲ್ಲೂ ನೋಡಿಲ್ಲ.

“ಬಾಯಿ ಮುಚ್ಚು, ಜನ ಇದಾರೆ” ಅಂದಳು ಅಮ್ಮ. ನನ್ನ ಕಡೆ ತಿರುಗಿದಾಗ ದನಿಯೇ ಬೇರೆ. “ಬಾಮ್ಮ, ಕುರ್ಚಿ ಎಳ್ಕೊ. ಎಷ್ಟು ಲಕ್ಷಣವಾಗಿದೀಯಾ!” ನಾನು ಕೂತೆ. ಮಗಳು ನೆಲದ ಮೇಲೆಯೇ ಇದ್ದಳು.

ಅಮ್ಮ ನನ್ನ ಹತ್ತಿರವೇ ಮಾತಾಡಿದಳು. “ನಂಗೂ ಒಬ್ಬರು ಬರ್ತಾರೆ, ಬುಧವಾರ ಬುಧವಾರ. ದೊಡ್ಡ ಮನೆಯವರಿರಬೇಕು. ನಕ್ಕರೆ ಮುತ್ತು ಜೋಡಿಸಿದ ಹಾಗೆ ಹಲ್ಲು. ನಾನು ಹೇಳಿದ್ದನ್ನೆಲ್ಲ ಎಷ್ಟು ತಾಳ್ಮೆಯಿಂದ ಕೇಳ್ತಾರೆ ಗೊತ್ತಾ? ಒಳ್ಳೆಯವರು ಅಂತ ಮುಖ ನೋಡಿದ್ರೇ ಗೊತ್ತಾಗುತ್ತೆ.”

ನಾನು ಅಕ್ಕನ ಕಡೆ ನೋಡಲಿಲ್ಲ. ನೋಡುವ ಧೈರ್ಯ ಇರಲಿಲ್ಲ.

ಹೊರಡುವ ಹೊತ್ತಿಗೆ ಅಕ್ಕ ಅಮ್ಮನ ತಲೆ ಬಾಚಿ, ಉಗುರು ಕತ್ತರಿಸಿ, ಹಾಸಿಗೆಯ ಹೊದಿಕೆ ಬದಲಿಸಿದ್ದಳು. ಅಮ್ಮ ಅವಳ ಕಿವಿಯ ಹತ್ತಿರ ಬಗ್ಗಿ, ಗುಟ್ಟು ಹೇಳುವವಳಂತೆ, ಆದರೆ ನನಗೂ ಕೇಳುವಷ್ಟು ಜೋರಾಗಿ ಹೇಳಿದಳು.

“ಭಾನುವಾರ ಬೇಕಾದ್ರೆ ಬಾ. ಬುಧವಾರ ಮಾತ್ರ ಬರಬೇಡ.”

“ಯಾಕಮ್ಮ?”

“ಅವರು ಬರೋ ದಿನ ಅದು. ನಿನ್ನ ನೋಡಿ ಇವಳು ನಿಮ್ಮ ಮಗಳಾ ಅಂತ ಕೇಳಿದ್ರೆ ನಾನೇನು ಹೇಳಲಿ? ಆಮೇಲೆ ಬರೋದನ್ನೇ ಬಿಟ್ರೆ? ನಂಗೆ ಅಂತ ಬರೋರು ಅವರೊಬ್ಬರೇ ಕಣೇ.”

ಅಕ್ಕ ಅಮ್ಮನ ಕೈಯಲ್ಲಿದ್ದ ಟವೆಲನ್ನು ತೆಗೆದುಕೊಂಡು, ಮಡಿಸಿ, ಮತ್ತೆ ಅವಳ ತೊಡೆಯ ಮೇಲಿಟ್ಟಳು. “ಆಯ್ತಮ್ಮ, ಬರಲ್ಲ” ಅಂದಳು.

ಬಸ್ ನಿಲ್ದಾಣಕ್ಕೆ ಬಂದು ನಿಂತೆವು. ತುರಿಮಣೆ ಅಂತ ಹೆಸರಿಟ್ಟವಳು ನಾನೇ ಅಕ್ಕ ಅನ್ನಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಅವಳು ಬಸ್ಸು ಬರುವ ದಿಕ್ಕನ್ನೇ ನೋಡುತ್ತ, ತುಂಬ ಸಾಮಾನ್ಯವಾದ ದನಿಯಲ್ಲಿ ಹೇಳಿದಳು.

“ಬುಧವಾರ ನನಗೆ ಅರ್ಧ ದಿನ ರಜೆ ಬೇಕು ಅಂತ ಡಾಕ್ಟರಿಗೆ ಹೇಳಿಬಿಡು. ಅಮ್ಮ ಅವರಿಗೋಸ್ಕರ ಕಾಯ್ತಾ ಇರ್ತಾಳೆ.”